ಚಿಕ್ಕಮಾವನ್ನ ನೀಟಾಗಿ ತೆಗೆದದ್ದು

ಕೈಗೆ ಹೊಸ ಸಾಮಾನು ಸಿಕ್ಕಿದ ಮನುಷ್ಯನನ್ನ ಒಂದು ತಿಂಗಳು ಯಾರೂ ನಂಬಬಾರದು. ಮನೆಗೆ ಹೊಸ ಮಿಕ್ಸಿ ಬಂದ ವಾರ ನಾನು ಕೈಗೆ ಸಿಕ್ಕಿದ್ದೆಲ್ಲ ಚಟ್ನಿ ಮಾಡಿದ್ದೆ, ಹೀರೇಕಾಯಿ ಸಿಪ್ಪೆಯಿಂದ ಹಿಡಿದು ಮಿಕ್ಕಿದ್ದ ಹುರುಳಿಕಾಯಿ ಪಲ್ಯದ ತನಕ. ನಮ್ಮನೆಯವರು ಗೋಡೆ ಕೊರೆಯೋ ಡ್ರಿಲ್ ಮಿಷನ್ ತಂದಾಗ ಹಾಲ್‌ನಲ್ಲಿ ಹನ್ನೊಂದು ತೂತು ಮಾಡಿದ್ರು. ನೇತು ಹಾಕೋಕೆ ಇದ್ದಿದ್ದು ಒಂದೇ ಒಂದು ಕ್ಯಾಲೆಂಡರ್. ಮಿಕ್ಕಿದ ಹತ್ತು ತೂತು ಇವತ್ತಿಗೂ ನಮ್ಮನ್ನೇ ನೋಡ್ತಾ ಇವೆ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಮೊನ್ನೆ ನಮ್ಮ ಫೋಟೋಗ್ರಫಿ ಗ್ರೂಪಲ್ಲಿ ಯಾರೋ ಒಬ್ಬರು ಒಂದು ಪ್ರಶ್ನೆ ಹಾಕಿದ್ರು. "ನಮ್ಮಂಗೆ ಸುಮ್ನೆ ಖುಷಿಗೆ ಫೋಟೋ ತೆಗೆಯೋರು ದೊಡ್ಡ ಎಡಿಟಿಂಗ್ ಸಾಫ್ಟ್‌ವೇರ್ ಕಲೀಲೇಬೇಕಾ?" ಅಷ್ಟೇ. ಸಂಜೆ ಹೊತ್ತಿಗೆ ಅಲ್ಲಿ ಯುದ್ಧ. ಕಲೀದೆ ಇದ್ರೆ ನೀವು ಫೋಟೋಗ್ರಾಫರ್ರೇ ಅಲ್ಲ ಅನ್ನೋರು ಒಂದು ಕಡೆ, ಕಲಿತ್ರೆ ನೀವು ಮೋಸಗಾರರು ಅನ್ನೋರು ಇನ್ನೊಂದು ಕಡೆ. ಒಬ್ರು ಗ್ರೂಪ್ ಬಿಟ್ಟೇ ಹೋದ್ರು. ನಾನು ಮಾತ್ರ ಸುಮ್ನಿದ್ದೆ. ಯಾವ ವಿಷಯಕ್ಕೂ ಸುಮ್ನಿರೋ ಪೈಕಿ ಅಲ್ಲ ನಾನು, ನಿಮಗೆ ಗೊತ್ತು. ಆದ್ರೆ ಈ ಪ್ರಶ್ನೆಗೆ ನನ್ನ ಉತ್ತರ ಕುದೇರಿನ ಒಂದು ಮನೆ ಹಾಲ್‌ನಲ್ಲಿ ಕಟ್ಟು ಹಾಕಿಸ್ಕೊಂಡು ಗೋಡೆಗೆ ನೇತಾಡ್ತಾ ಇದೆ. ಅದನ್ನ ಕಾಮೆಂಟ್ ಬಾಕ್ಸಲ್ಲಿ ಎರಡು ಸಾಲಲ್ಲಿ ಹೇಳೋಕಾಗಲ್ಲ.

ನಾನು ಗುಂಡ್ಲುಪೇಟೆಯಲ್ಲಿ ಹೈಸ್ಕೂಲ್ ಗಣಿತದ ಮೇಡಂ. ನಲವತ್ತೈದು ದಾಟಿದ ಮೇಲೆ ಕೆಲವರಿಗೆ ಭಕ್ತಿ ಬರುತ್ತೆ, ಕೆಲವರಿಗೆ ಶುಗರ್ ಬರುತ್ತೆ, ನನಗೆ ಕ್ಯಾಮೆರಾ ಬಂತು. ನಮ್ಮೂರಲ್ಲಿ ಕ್ಯಾಮೆರಾ ಇಟ್ಕೊಂಡೋರಿಗೆ ಕೆಲಸಕ್ಕೆ ಬರ ಇಲ್ಲ. ಸೂರ್ಯಕಾಂತಿ ಹೂ ಬಿಟ್ಟ ಕಾಲದಲ್ಲಿ ರಸ್ತೆ ಪಕ್ಕ ಕೇರಳದ ಕಾರುಗಳು ಸಾಲಾಗಿ ನಿಂತಿರ್ತವೆ, ಹೂಗಿಂತ ಜನವೇ ಜಾಸ್ತಿ. ನಾನು ಹೂವಿನ ಫೋಟೋ ತೆಗೆದ್ರೆ ಹಿಂದೆ ಯಾರೋ ಒಬ್ಬ ಮುಂಡು ಪಂಚೆ ಎತ್ತಿ ಕಟ್ಟಿಕೊಂಡು ಸೆಲ್ಫಿ ತಗೋತಾ ನಿಂತಿರ್ತಿದ್ದ. ಒಂದಲ್ಲ ಎರಡಲ್ಲ, ನನ್ನ ಇಡೀ ಸೂರ್ಯಕಾಂತಿ ಸಂಗ್ರಹದಲ್ಲಿ ಹೂವಿಗಿಂತ ಮೊಣಕಾಲು ಜಾಸ್ತಿ. ಈ ದುಃಖಾನ ನಮ್ಮ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರ ಹತ್ರ ಹೇಳ್ಕೊಂಡೆ. ಅವರು ನನ್ನ ಲ್ಯಾಪ್‌ಟಾಪಿಗೆ ಒಂದು ದೊಡ್ಡ ಸಾಫ್ಟ್‌ವೇರ್ ಹಾಕಿಕೊಟ್ಟು, "ಮೇಡಂ, ಫೋಟೋ ತೆಗೆಯೋದು ಅರ್ಧ ಕೆಲಸ. ಬೇಡದ್ದನ್ನ ತೆಗೆಯೋದು ಇನ್ನರ್ಧ ಕೆಲಸ" ಅಂದ್ರು. ಆ ಮಾತಲ್ಲಿ 'ತೆಗೆಯೋದು' ಅನ್ನೋ ಪದ ಎರಡು ಸಲ ಬಂತು, ಎರಡು ಸಲಕ್ಕೂ ಬೇರೆ ಬೇರೆ ಅರ್ಥ ಅಂತ ಆವತ್ತೇ ನಾನು ಗಮನಿಸಿದ್ರೆ ಈ ಕಥೆ ಇರ್ತಿರಲಿಲ್ಲ.

ಎರಡು ತಿಂಗಳು ಕೂತು ಕಲಿತೆ. ಲೇಯರ್ ಅಂದ್ರೆ ಏನು ಅಂತ ಒಂದು ವಾರ ತಲೆಗೆ ಹೋಗಲಿಲ್ಲ. ಕೊನೆಗೆ ಬಸ್ ಸ್ಟ್ಯಾಂಡ್ ಹತ್ರ ಹೋಟ್ಲಲ್ಲಿ ಪರೋಟ ಬಿಡಿಸಿ ತಿಂತಾ ಇದ್ದಾಗ ಅರ್ಥ ಆಯ್ತು. ಒಂದರ ಮೇಲೊಂದು ಪದರ, ಮೇಲಿನದನ್ನ ಎತ್ತಿದ್ರೆ ಕೆಳಗಿನದು ಕಾಣುತ್ತೆ, ಅಷ್ಟೇ. ಆಮೇಲೆ ಆ ಮೊದಲನೇ ಮುಂಡು ಮನುಷ್ಯನ ಸುತ್ತ ಗೆರೆ ಎಳೆದು ಒಂದು ಬಟನ್ ಒತ್ತಿದೆ. ಮಾಯ! ಅವನು ನಿಂತಿದ್ದ ಜಾಗದಲ್ಲಿ ಆರು ಸೂರ್ಯಕಾಂತಿ. ಆವತ್ತು ನನ್ನ ಮೈಗೆ ಬಂದ ಪವರ್ ಇದೆಯಲ್ಲ, ಹೆಡ್‌ಮಾಸ್ಟರ್ ಆಗಿದ್ರೂ ಬರ್ತಿರಲಿಲ್ಲ. ಕರೆಂಟ್ ಕಂಬ ತೆಗೆದೆ, ಕೇಬಲ್ ವೈರ್ ತೆಗೆದೆ, ಕಸದ ಡಬ್ಬಿ ತೆಗೆದೆ, ನಮ್ಮನೆಯವರ ಹೊಟ್ಟೆ ತೆಗೆದೆ. ಕ್ಲಾಸಲ್ಲಿ ಕೊನೇ ಬೆಂಚಿನ ಮೂವರು ಗಲಾಟೆ ಮಾಡ್ತಿದ್ರೆ ನನ್ನ ಬೆರಳು ತಾನಾಗಿ ಗಾಳಿಯಲ್ಲಿ ಅವರ ಸುತ್ತ ಗೆರೆ ಎಳೀತಿತ್ತು.

ಈಗ ನಮ್ಮ ಮಾವನ ಮನೆ ವಿಷಯಕ್ಕೆ ಬರ್ತೀನಿ. ಅತ್ತೆ ಮಾವ ಇರೋದು ಚಾಮರಾಜನಗರದಲ್ಲಿ. ಮಾವನ ತಮ್ಮ, ಅಂದ್ರೆ ನಮ್ಮ ಚಿಕ್ಕಮಾವ, ಕುದೇರಲ್ಲಿ ಅರಿಶಿನ, ಬಾಳೆ ಬೆಳ್ಕೊಂಡು ಇದ್ದಾರೆ. ಈ ಅಣ್ಣ ತಮ್ಮ ಒಂಬತ್ತು ವರ್ಷ ಮಾತಾಡಿರಲಿಲ್ಲ. ಆಸ್ತಿ ಜಗಳ ಅಂದ್ಕೋಬೇಡಿ, ಆಸ್ತಿ ಒಂದು ಮಧ್ಯಾಹ್ನದಲ್ಲಿ ಭಾಗ ಆಗಿತ್ತು. ಜಗಳ ಆಗಿದ್ದು ನಮ್ಮ ನಾದಿನಿ ಮದುವೆ ಲಗ್ನಪತ್ರಿಕೇಲಿ ಚಿಕ್ಕಮಾವನ ಹೆಸರು ಬಿಟ್ಟುಹೋಗಿದ್ದಕ್ಕೆ. 'ಸುಖಾಗಮನ ಬಯಸುವವರು' ಅನ್ನೋ ಪಟ್ಟಿಯಲ್ಲಿ ಯಾರ್ಯಾರೋ ಇದ್ದಾರೆ, ಎರಡು ವರ್ಷದ ಪಾಪುನೂ ಬಯಸ್ತಾ ಇದೆ, ಸ್ವಂತ ಚಿಕ್ಕಪ್ಪನೇ ಇಲ್ಲ! ಮಾವ ಆಣೆ ಪ್ರಮಾಣ ಮಾಡಿದ್ರು. "ನಾನು ಹೇಳಿದ್ದೇ ಒಂದು, ಪ್ರೆಸ್ಸಿನವ್ನು ಅರ್ಥ ಮಾಡ್ಕಂಡಿದ್ದೇ ಒಂದು ಕಣ್ಲಾ" ಅಂದ್ರು. ಚಿಕ್ಕಮಾವ ಒಪ್ಪಲಿಲ್ಲ. "ಅಷ್ಟು ಬೆಪ್ಪು ಈ ಭೂಮಿ ಮ್ಯಾಲೆ ಯಾರೂ ಹುಟ್ಟಿಲ್ಲ ಬುಡಣ್ಣ. ಬೇಕಂತಲೇ ಬುಟ್ಟಿದ್ದೀಯ" ಅಂದೋರು, ಒಂಬತ್ತು ವರ್ಷ ಆ ಮಾತಿಂದ ಕದಲಲಿಲ್ಲ. ಸಂತೆಮರಹಳ್ಳಿ ಸಂತೇಲಿ ಎದುರಾದ್ರೆ ಒಬ್ಬರು ಈರುಳ್ಳಿ ಕಡೆ ನೋಡೋರು, ಇನ್ನೊಬ್ಬರು ಬೆಳ್ಳುಳ್ಳಿ ಕಡೆ ನೋಡೋರು.

ಹಿಂಗಿರುವಾಗ ಚಿಕ್ಕಮಾವ ಹೊಸ ಮನೆ ಕಟ್ಟಿಸಿದ್ರು. ಗೃಹಪ್ರವೇಶದ ಪತ್ರಿಕೆ ಹಿಡ್ಕೊಂಡು ಅವರೇ ಅಣ್ಣನ ಮನೆ ಬಾಗಿಲಿಗೆ ಬಂದ್ರು. ಪತ್ರಿಕೇಲಿ ಮಾವನ ಹೆಸರು ಮೊದಲನೇ ಸಾಲಲ್ಲೇ ಇತ್ತು, ಮಿಕ್ಕಿದೋರ ಹೆಸರಿಗಿಂತ ದಪ್ಪ ಅಕ್ಷರದಲ್ಲಿ. ಅದು ಪ್ರೀತಿನೋ ಚುಚ್ಚೋದೋ ಹೇಳೋಕಾಗಲ್ಲ, ಎರಡೂ ಇತ್ತು. ಮಾವ ಪತ್ರಿಕೆ ಓದಿ ಕನ್ನಡಕ ತೆಗೆದು ಒರೆಸ್ಕೊಂಡ್ರು. ಹಳೇದನ್ನ ಇಬ್ಬರೂ ಎತ್ತಲಿಲ್ಲ. ಅದೇ ಖುಷಿಗೆ ಎಲ್ಲರೂ ಒಟ್ಟಿಗೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗನ ಅಂತ ಆಯ್ತು.

ಬೆಟ್ಟದಲ್ಲಿ ಮಂಜು. ಸಾಲಾಗಿ ನಿಲ್ಲಿಸಿದೆ. ಮಧ್ಯದಲ್ಲಿ ಮಾವ, ಅವರ ಎಡಗಡೆ ಅತ್ತೆ, ಬಲಗಡೆ ಚಿಕ್ಕಮಾವ, ಆ ಕಡೆ ಈ ಕಡೆ ಚಿಕ್ಕತ್ತೆ ಮತ್ತೆ ನಮ್ಮನೆಯವರು. ಹಿಂದೆ ಗೋಡೆ ಮೇಲೆ ಒಂದು ಕೋತಿ, ಅದು ಕರೀದೆ ಬಂದಿದ್ದು. ನಾನು "ರೆಡಿ" ಅನ್ನೋ ಹೊತ್ತಿಗೆ ಚಿಕ್ಕಮಾವ ಅಣ್ಣನ ಬೆನ್ನ ಹಿಂದಿನಿಂದ ಕೈ ಹಾಕಿ ಹೆಗಲು ಹಿಡ್ಕೊಂಡ್ರು. ಒಂಬತ್ತು ವರ್ಷದ ಮೇಲೆ! ಕ್ಲಿಕ್ ಮಾಡುವಾಗ ನನ್ನ ಕಣ್ಣಲ್ಲಿ ನೀರು ತುಂಬಿ ಏನೂ ಕಾಣ್ತಿರಲಿಲ್ಲ. ಈ ಕಣ್ಣೀರನ್ನ ಜ್ಞಾಪಕ ಇಟ್ಕೊಳ್ಳಿ, ಆಮೇಲೆ ಆಗಿದ್ದಕ್ಕೆಲ್ಲ ಇದೂ ಒಂದು ಕಾರಣ. ಇಳಿಯುವಾಗ ಬಸ್ಸಲ್ಲಿ ಚಿಕ್ಕಮಾವ, ಅತ್ತೆ ಕಟ್ಕೊಂಡು ಬಂದಿದ್ದ ಬುತ್ತಿ ನೆನೆಸ್ಕೊಂಡು, "ಅತ್ಗೆ, ಪುಳಿಯೋಗ್ರೆಗೆ ಉಪ್ಪು ಒಸಿ ಜಾಸ್ತಿ ಆಯ್ತು ಕಣವ್ವ" ಅಂದ್ರು. ಅತ್ತೆ ಕಿಟಕಿ ಕಡೆ ತಿರುಗಿದೋರು ಬೆಟ್ಟದ ಬುಡ ಬರೋ ತನಕ ಈ ಕಡೆ ತಿರುಗಲಿಲ್ಲ. ನಾನು ಅಂದ್ಕೊಂಡೆ, ಇದು ಇಲ್ಲಿಗೆ ಮುಗಿಯಲ್ಲ.

ಮಾರನೇ ಭಾನುವಾರ ಅತ್ತೆಯ ವಾಯ್ಸ್ ಮೆಸೇಜ್ ಬಂತು. ಹಂಗೇ ಬರೀತೀನಿ, ನೀವೇ ನ್ಯಾಯ ಹೇಳಿ. "ಅಮ್ಮಿ, ಬೆಟ್ಟದ ಫೋಟೋದಲ್ಲಿ ನಿಮ್ ಚಿಕ್ಕಮಾವನ್ನ ನೀಟಾಗಿ ತೆಗ್ದುಬುಡು. ತೆಗ್ದುಬುಟ್ಟು ದೊಡ್ಡದಾಗಿ ಕಟ್ಟು ಹಾಕ್ಸು. ಯಾರ್ಗೂ ಹೇಳ್ಬ್ಯಾಡ ಕಣಮ್ಮಿ. ಗೃಹಪ್ರವೇಶದೊಳಗೆ ಆಗ್ಬೇಕು."

ಮೂರು ಸಲ ಕೇಳಿದೆ. ನೀಟಾಗಿ ತೆಗಿ. ಯಾರಿಗೂ ಹೇಳಬೇಡ. ಉಪ್ಪಿನ ಸೇಡು ಇಷ್ಟು ದೂರ ಬಂತಾ ಅಂದ್ಕೊಂಡೆ. ಪಕ್ಕದಲ್ಲಿ ಕ್ರಿಕೆಟ್ ನೋಡ್ತಿದ್ದ ನಮ್ಮನೆಯವರನ್ನ ಕೇಳಿದೆ, "ರೀ, ನಿಮ್ಮಮ್ಮ ಚಿಕ್ಕಮಾವನ್ನ ತೆಗಿ ಅಂತಿದ್ದಾರೆ. ತೆಗೀಲಾ?" ಅವರು ಟಿವಿಯಿಂದ ಕಣ್ಣು ಕೀಳದೆ, "ಅಮ್ಮ ಹೇಳಿದ್ಮೇಲೆ ತೆಗಿ. ತೆಗೆಯೋದಕ್ಕೆ ತಾನೆ ನೀನು ಇಷ್ಟು ದಿನ ಕಲ್ತಿದ್ದು?" ಅಂದ್ರು. ನಿಜ ಹೇಳ್ಬೇಕಂದ್ರೆ ಒಂದು ಫೋನ್ ಮಾಡಿ ಅತ್ತೇನ ಕೇಳಬಹುದಿತ್ತು. ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂದ್ರೆ, ಬೇಡ ಅಂದುಬಿಟ್ರೆ ಅಂತ ಭಯ. ಕಂಬ ತೆಗೆದಿದ್ದೆ, ವೈರ್ ತೆಗೆದಿದ್ದೆ, ಗೊತ್ತಿಲ್ಲದ ಮೊಣಕಾಲು ತೆಗೆದಿದ್ದೆ. ಸ್ವಂತ ನೆಂಟರೊಬ್ಬರನ್ನ ಇಡಿಯಾಗಿ ತೆಗೆಯೋ ಅವಕಾಶ ಸಿಕ್ಕಿರಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅತ್ತೆ ಹೇಳಿದ ಮಾತನ್ನ ಎದುರು ಮಾತಾಡದೆ ಪಾಲಿಸಿದ್ದು ಅದೊಂದೇ ಸಲ.

ಕೆಲಸ ಸುಲಭ ಇರಲಿಲ್ಲ. ಚಿಕ್ಕಮಾವನ ಸುತ್ತ ಗೆರೆ ಎಳೆದು ಬಟನ್ ಒತ್ತಿದೆ. ಸಾಫ್ಟ್‌ವೇರ್ ಐದು ಸೆಕೆಂಡ್ ಯೋಚನೆ ಮಾಡಿ ಆ ಜಾಗಕ್ಕೆ ಇನ್ನೊಂದು ಅತ್ತೇನ ತಂದು ನಿಲ್ಲಿಸ್ತು. ಮಾವನ ಎಡಗಡೆ ಒಬ್ರು ಅತ್ತೆ, ಬಲಗಡೆ ಒಬ್ರು ಅತ್ತೆ, ಇಬ್ಬರೂ ನನ್ನನ್ನೇ ನೋಡ್ತಿದ್ದಾರೆ. ಲ್ಯಾಪ್‌ಟಾಪ್ ಮುಚ್ಚಿ ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಎರಡನೇ ಸಲ ಒತ್ತಿದಾಗ ಅರ್ಧ ಕೋತಿ ಬಂತು. ಮೂರನೇ ಸಲ ದೇವರು ದೊಡ್ಡೋನು, ಮಂಜು ಬಂತು. ಬೆಟ್ಟದ ಮಂಜು ಬೆಟ್ಟದ ಮಂಜಿನ ಜೊತೆ ಸೇರಿ ಚಿಕ್ಕಮಾವ ಅನ್ನೋರು ಆ ಬೆಟ್ಟಕ್ಕೆ ಬಂದೇ ಇಲ್ಲ ಅನ್ನೋ ಹಂಗಾಯ್ತು. ದೊಡ್ಡದು ಮಾಡಿ ಅಂಚು ಅಂಚು ನೋಡಿದೆ. ಅವರಿದ್ದ ಜಾಗ ಮಾತ್ರ ನೋಡಿದೆ. ಅದೇ ತಪ್ಪು.

ಫೋಟೋನ ಸಂತೆಮರಹಳ್ಳಿ ಸ್ಟುಡಿಯೋದ ಹಳೇ ಯಜಮಾನರಿಗೆ ಮೊಬೈಲಲ್ಲೇ ಕಳಿಸಿದೆ. ನಾನು ಪರೀಕ್ಷೆ ಡ್ಯೂಟಿಲಿದ್ದಾಗ ಅವರ ಮೆಸೇಜ್ ಬಂತು: "ಮೇಡಂ, ಕೈ ಇರಲಿಯಾ?" ಕಟ್ಟಿನ ಹಿಂದೆ ನೇತು ಹಾಕೋಕೆ ಇರೋ ಹಿಡಿ ಬಗ್ಗೆ ಕೇಳ್ತಿದ್ದಾರೆ ಅಂದ್ಕೊಂಡು, "ಇರಲಿ, ಗಟ್ಟಿಯಾಗಿರಲಿ" ಅಂತ ಹಾಕಿದೆ. ಅವರು ಒಂದು ನಮಸ್ಕಾರದ ಚಿತ್ರ ಕಳಿಸಿ ಸುಮ್ಮನಾದ್ರು. ಆ ನಮಸ್ಕಾರದ ಅರ್ಥ ನನಗೆ ಆಮೇಲೆ ತಿಳೀತು.

ಗೃಹಪ್ರವೇಶದ ದಿನ ಅತ್ತೆ ಮಾವ ದಾರೀಲಿ ಕಟ್ಟು ಇಸ್ಕೊಂಡು ಬಂದಿದ್ರು. ಮಿರಮಿರ ಕಾಗದ ಸುತ್ತಿ ಸ್ಟುಡಿಯೋದವರೇ ಟೇಪ್ ಹಾಕಿದ್ರು. ನಾವು ಗುಂಡ್ಲುಪೇಟೆಯಿಂದ ಕುದೇರಿಗೆ ಹೋಗಿ ಇಳಿದಾಗ ಅತ್ತೆ ಅದನ್ನ ಎದೆಗೆ ಒತ್ಕೊಂಡು ಶಾಮಿಯಾನದ ಕೆಳಗೆ ನಿಂತಿದ್ರು. ಮನೆಯಲ್ಲಿಟ್ಟು ಬರೋದಲ್ವಾ, ಇದನ್ನ ಇಲ್ಲಿಗ್ಯಾಕೆ ತಂದ್ರು ಅಂದ್ಕೊಳ್ಳೋಷ್ಟರಲ್ಲಿ ಅವರೇ ಪಿಸುಗುಟ್ಟಿದ್ರು.

"ನೀಟಾಗಿ ತೆಗ್ದಿದ್ದೀಯಾ ತಾನೆ?"

"ಅತ್ತೆ, ಒಂದು ಕೂದಲು ಕೂಡ ಉಳಿಸಿಲ್ಲ."

"ಅಯ್ಯೋ, ಕೂದ್ಲು ಯಾಕಮ್ಮಿ ಉಳಿಸ್ಲಿಲ್ಲ? ಅವ್ರಿಗೆ ಇರೋವೇ ನಾಕು!"

ನಾನು ಕಟ್ಟಿನ ಒಂದು ತುದಿ ಹಿಡ್ಕೊಂಡೆ. "ಅತ್ತೆ, ಇದು ನಮ್ಮನೆ ಗೋಡೆಗೆ ಅಲ್ವಾ?"

"ನಮ್ಮನೆ ಗ್ವಾಡೆಗೆ ಅವ್ರ್ ಫೋಟೋ ಯಾಕಮ್ಮಿ? ಇದು ಅವ್ರಿಗೇ ಉಡುಗೊರೆ. ಅವ್ರೊಬ್ರನ್ನೇ ದೊಡ್ಡದಾಗಿ ತೆಗ್ದುಕೊಡು ಅಂದಿರ್ಲಿಲ್ವಾ ನಾನು?" ಅಂದೋರೇ ಜೋರಾಗಿ ಹೆಜ್ಜೆ ಹಾಕಿದ್ರು.

ಪ್ರಿಂಟು! ಜೆರಾಕ್ಸ್ ತೆಗಿ, ಪ್ರಿಂಟ್ ತೆಗಿ ಅಂತೀವಲ್ಲ, ಆ 'ತೆಗಿ' ಅದು! ಗುಂಪಿನಲ್ಲಿರೋ ಮೈದುನನ ಫೋಟೋನ ಬೇರೆಯಾಗಿ ಒಂದು ಪ್ರಿಂಟ್ ತೆಗೆದು, ಯಾರಿಗೂ ಹೇಳದೆ, ಹೊಸ ಮನೆಗೆ ಉಡುಗೊರೆ ಕೊಡೋಣ ಅಂತ ಅತ್ತೆ ಅಷ್ಟು ಆಸೆಯಿಂದ ಹೇಳಿದ್ದು. ಉಪ್ಪಿನ ಮಾತನ್ನ ಅವರು ಬಸ್ ಇಳಿಯುವಾಗಲೇ ಮರೆತಿದ್ರು. ಮರೀದೆ ಇಟ್ಕೊಂಡಿದ್ದು ನಾನು. ಹಿಂದೆ ಓಡಿದೆ. "ಆಮೇಲೆ ಬಿಚ್ಚೋಣ, ಈಗ ರಾಹುಕಾಲ" ಅಂದೆ. ಪೂಜೆಗೆ ಬಂದಿದ್ದ ಸ್ವಾಮಿಗಳು ವಾಚ್ ನೋಡಿ, "ರಾಹುಕಾಲ ಆಗಲೇ ಮುಗೀತು ತಾಯಿ" ಅಂದ್ರು. ಚಿಕ್ಕಮಾವ ಹಣೆ ತುಂಬ ವಿಭೂತಿ ಹಚ್ಕೊಂಡು, ಹೊಸ ಶಲ್ಯ ಹೊದ್ಕೊಂಡು, ಮಗು ಥರ ಆ ಕಾಗದಾನ ಪರಪರ ಹರಿದ್ರು.

ಶಾಮಿಯಾನದ ಕೆಳಗಿದ್ದ ಜನ ಎಲ್ಲ ಬಗ್ಗಿ ನೋಡಿದ್ರು. ಚಿಕ್ಕಮಾವ ಬೆರಳಿಟ್ಟು ಎಣಿಸಿದ್ರು. "ಅಣ್ಣ ಅವ್ನೆ. ಅತ್ಗೆ ಅವ್ಳೆ. ನನ್ನೆಂಡ್ರು ಅವ್ಳೆ. ಅಣ್ಣನ್ ಮಗ ಅವ್ನೆ. ಕೋತಿನೂ ಅದೆ." ನಿಂತ್ರು. ತಲೆ ಎತ್ತಿದ್ರು. "ನಾನೆಲ್ಲಮ್ಮಿ?"

ಒಂಬತ್ತು ವರ್ಷದ ಹಿಂದೆ ಲಗ್ನಪತ್ರಿಕೇಲಿ ಇಲ್ಲದೆ ಹೋದೋರು ಈಗ ಫೋಟೋದಲ್ಲೂ ಇಲ್ಲ. ಅದೂ ಅವರದ್ದೇ ಮನೆಯಲ್ಲಿ, ಅವರದ್ದೇ ಕೈಯಲ್ಲಿ. ಮಾವನ ಮುಖ ನೋಡಿದೆ. ಗೋಡೆಗೆ ಹೊಡೆದ ಹೊಸ ಸುಣ್ಣದ ಹಂಗಿತ್ತು. ಇನ್ನೊಂದು ಒಂಬತ್ತು ವರ್ಷ ಅಂದ್ರೆ ಇಬ್ಬರಿಗೂ ಎಷ್ಟು ವಯಸ್ಸಾಗುತ್ತೆ ಅಂತ ಗಣಿತದ ಮೇಡಂ ಆದ ನಾನು ಲೆಕ್ಕ ಹಾಕೋಕೂ ಹೆದರಿದೆ. ಅಷ್ಟರಲ್ಲಿ ಚಿಕ್ಕತ್ತೆ ಕಿಟಾರ್ ಅಂತ ಕಿರುಚಿದ್ರು. "ಅಯ್ಯೋ ಶಿವ್ನೇ, ಭಾವನ ಎಗ್ಲ ಮ್ಯಾಲೆ ಯಾರ್ದೋ ಕೈ ಅದೆ!"

ಇತ್ತು. ಬೆನ್ನ ಹಿಂದಿನಿಂದ ಬಂದು ಮಾವನ ಎಡ ಹೆಗಲ ಮೇಲೆ ಕೂತಿದ್ದ ಕೈ. ಮೈಯೆಲ್ಲ ಮಂಜಾಗಿ ಹೋಗಿದ್ರೂ ಆ ಕೈ ಮಾತ್ರ ಐದು ಬೆರಳೂ ಬಿಟ್ಕೊಂಡು ಗಟ್ಟಿಯಾಗಿ ಹಿಡ್ಕೊಂಡಿತ್ತು. ಕ್ಲಿಕ್ ಮಾಡುವಾಗ ಕಣ್ಣೀರಲ್ಲಿ ಚಿಕ್ಕಮಾವನ ಕೈ ಯಾವ ಹೆಗಲಿಗೆ ಹೋಯ್ತು ಅಂತ ಕಂಡಿರಲಿಲ್ಲ, ಅತ್ತೆ ನಿಂತ ಕಡೆ ಇದ್ದಿದ್ದಕ್ಕೆ ಅತ್ತೆಯ ಕೈ ಅಂದ್ಕೊಂಡು ನಾನು ಬಿಟ್ಟಿದ್ದೆ. ಜನದ ಮುಂದೆ ಗಂಡನ ಹೆಗಲು ಮುಟ್ಟೋ ಪೈಕಿನಾ ನಮ್ಮತ್ತೆ? ಮಾವ ಗಾಬರಿಯಿಂದ ತಮ್ಮ ಹೆಗಲು ಮುಟ್ಟಿ ನೋಡ್ಕೊಂಡ್ರು. ಚಿಕ್ಕಮಾವ ಮೂಗು ತಾಗೋ ಹಂಗೆ ಕಟ್ಟನ್ನ ಹತ್ತಿರ ತಂದು, "ಇದು ನಂದೇ ಕಣಣ್ಣ. ವಾಚು ನಂದು" ಅಂದ್ರು.

ಆಗ ಅತ್ತೆ ನನ್ನ ಕಡೆ ತಿರುಗಿದ್ರು. "ಏನಮ್ಮಿ ಮಾಡ್ಬುಟ್ಟೆ? ನಾನು ತೆಗಿ ಅಂದ್ರೆ ತೆಗಿ ಅಂದೆ ಕಣಮ್ಮಿ! ತೆಗಿ ಅಂದ್ನಾ?"

"ಅತ್ತೆ, ನೀವು ತೆಗಿ ಅಂದ್ರಿ, ಅದಕ್ಕೇ ತೆಗೆದೆ!"

"ತೆಗೀಬ್ಯಾಡ ಅಂದ್ನಾ ನಾನು? ತೆಗಿ ಅಂದಿದ್ದು! ನೀನು ತೆಗ್ದೇಬುಟ್ಟಿದ್ದೀಯಲ್ಲ!"

ಈ ಸಂಭಾಷಣೆ ಇನ್ನೂ ಸ್ವಲ್ಪ ಹೊತ್ತು ನಡೀತು. ಕೇಳ್ತಿದ್ದೋರಲ್ಲಿ ಅರ್ಧ ಜನಕ್ಕೆ ಯಾವುದು ಯಾವ ತೆಗಿ ಅಂತ ತಪ್ಪಿಹೋಯ್ತು. ನಾನು ಮೊಬೈಲ್ ತೆಗೆದು ಅತ್ತೆಯ ವಾಯ್ಸ್ ಮೆಸೇಜ್ ಹಾಕಿದೆ. ಎಲ್ಲರೂ ಕೇಳಿಸ್ಕೊಂಡ್ರು. ಚಿಕ್ಕಮಾವ ಎರಡು ಸಲ ಕೇಳಿದ್ರು. ಆಮೇಲೆ ಬಹಳ ಮೆತ್ತಗೆ ನನ್ನ ಕೇಳಿದ್ರು.

"ಅಮ್ಮಿ, ನೀನು ಎಷ್ಟು ಓದಿದ್ದೀಯಾ?"

"ಎಂಎಸ್ಸಿ, ಬಿಎಡ್, ಚಿಕ್ಕಮಾವ."

"ಎಮ್ಮೆಸ್ಸಿ ಓದಿ, ತೆಗಿ ಅಂದಿದ್ಕೆ, ಜೀವ ಇರೋ ಮನ್ಸನ್ನೇ ತೆಗ್ದುಬುಟ್ಟಾ?"

"ಹೂಂ."

ಅವರು ಅಣ್ಣನ ಕಡೆ ತಿರುಗಿದ್ರು. "ಅಣ್ಣ, ಆ ಪ್ರೆಸ್ಸಿನವ್ನಿಗೆ ನೀನು ಏನಂತ ಹೇಳಿದ್ದೆ, ಇನ್ನೊಂದ್ಸಲ ಹೇಳು."

ಮಾವ ಒಂಬತ್ತು ವರ್ಷದಿಂದ ಬಾಯಿಪಾಠ ಆಗಿದ್ದ ಮಾತನ್ನ ಹೇಳಿದ್ರು. "ನನ್ ತಮ್ಮನ ಹೆಸ್ರು ಕೆಳ್ಗಡೆ ಹಾಕಿದ್ದೀಯ, ಅದನ್ನ ತೆಗ್ದು ಮ್ಯಾಲೆ ಹಾಕು ಅಂದೆ ಕಣ್ಲಾ. ಅವ್ನು ತೆಗ್ದ. ಮ್ಯಾಲೆ ಹಾಕ್ಲಿಲ್ಲ."

"ಅವ್ನು ಎಷ್ಟು ಓದಿದ್ದ?"

"ಏಳ್ನೇ ಕ್ಲಾಸಿರ್ಬೇಕು."

ಚಿಕ್ಕಮಾವ ನನ್ನ ನೋಡಿದ್ರು, ಕಟ್ಟು ನೋಡಿದ್ರು, ಮತ್ತೆ ನನ್ನ ನೋಡಿದ್ರು. "ಹಂಗಾರೆ ನೀನು ಹೇಳಿದ್ದು ನಿಜ ಇರ್ಬೌದು ಕಣಣ್ಣ," ಅಂದ್ರು. "ಅಷ್ಟು ಬೆಪ್ಪು ಯಾರೂ ಹುಟ್ಟಿಲ್ಲ ಅಂದ್ಕಂಡಿದ್ದೆ. ನಮ್ಮನೇಲೇ ಅವ್ಳಲ್ಲ!"

ಮೊದಲು ನಕ್ಕಿದ್ದು ಮಾವ. ಹೊಟ್ಟೆ ಹಿಡ್ಕೊಂಡು, ಶಾಮಿಯಾನದ ಕಂಬಕ್ಕೆ ಒರಗಿಕೊಂಡು ನಕ್ಕರು. ಚಿಕ್ಕಮಾವ ಅವರ ಹೆಗಲ ಮೇಲೆ ಕೈ ಹಾಕಿ ನಕ್ಕರು, ಫೋಟೋದಲ್ಲಿ ಇದ್ದ ಜಾಗದಲ್ಲೇ ಕೈ. ಊಟಕ್ಕೆ ಕೂತಾಗ ಇಬ್ಬರೂ ಪಕ್ಕಪಕ್ಕ ಕೂತು ಹೋಳಿಗೆಗೆ ತುಪ್ಪ ಹಾಕಿಸ್ಕೊಂಡು ಆ ಪ್ರೆಸ್ಸಿನವನ ಗುಣಗಾನ ಮಾಡಿದ್ರು. ಬಡಿಸೋರು ನನ್ನ ಎಲೆ ಮುಂದೆ ಬಂದಾಗಲೆಲ್ಲ, "ಮೇಡಂ, ಎಲೆ ತೆಗೀಲಾ?" ಅಂತ ಕೇಳಿ ಹಲ್ಲು ಕಿರಿದು ಮುಂದಕ್ಕೆ ಹೋಗ್ತಿದ್ರು.

ಸರಿಯಾದ ಫೋಟೋ ನನ್ನ ಹತ್ರ ಇನ್ನೂ ಇದೆ, ಚಿಕ್ಕಮಾವ ಇರೋದನ್ನೇ ಕಟ್ಟು ಹಾಕಿಸಿ ಕೊಡ್ತೀನಿ ಅಂದೆ. ಅವರು ಬಿಲ್ಕುಲ್ ಒಪ್ಪಲಿಲ್ಲ. ಹಂಗಾಗಿ ಕುದೇರಿನ ಆ ಹೊಸ ಮನೆ ಹಾಲಲ್ಲಿ, ಬಾಗಿಲಿಗೆ ಎದುರಾಗಿ, ಯಜಮಾನನೇ ಇಲ್ಲದ ಫೋಟೋ ಇದೆ. ಬಂದೋರು ಆ ಕೈ ನೋಡಿ ಬೆಚ್ಚಿಬಿದ್ರೆ ಚಿಕ್ಕಮಾವ ಮೀಸೆ ತಿರುವ್ಕೊಂಡು ಹೇಳ್ತಾರಂತೆ: "ಈ ಫೋಟೋ ತೆಗ್ದಿದ್ದು ನಮ್ಮಣ್ಣನ ಸೊಸೆ. ನನ್ನ ತೆಗ್ದಿದ್ದೂ ಅವ್ಳೇ."

ಇನ್ನು ಆ ಗ್ರೂಪಿನ ಪ್ರಶ್ನೆ. ಹವ್ಯಾಸಕ್ಕೆ ಫೋಟೋ ತೆಗೆಯೋರು ದೊಡ್ಡ ಸಾಫ್ಟ್‌ವೇರ್ ಕಲೀಬೇಕಾ? ಕಲೀರಪ್ಪ, ಯಾರು ಬೇಡ ಅಂದ್ರು. ನಾನಂತೂ ಕಲಿಯೋಕೆ ಮುಂಚೆ ಯಾರಾದ್ರೂ "ಇವರನ್ನ ತೆಗಿ" ಅಂದ್ರೆ ಕ್ಯಾಮೆರಾ ಎತ್ತುತ್ತಿದ್ದೆ. ಕಲಿತ ಮೇಲೆ ಅಳಿಸೋ ಬಟನ್ ಹುಡುಕಿದೆ. ಪದ ಅದೇ ಇತ್ತು, ಹೇಳಿದ ಅತ್ತೆನೂ ಅವರೇ. ಕೆಟ್ಟಿದ್ದು ನನ್ನ ಕಿವಿ. ಅದನ್ನ ಸರಿ ಮಾಡೋ ಬಟನ್ ಆ ಸಾಫ್ಟ್‌ವೇರಲ್ಲಿ ಎಲ್ಲೂ ಸಿಗಲಿಲ್ಲ, ಡ್ರಾಯಿಂಗ್ ಮೇಷ್ಟ್ರನ್ನೂ ಕೇಳಿದ್ದಾಯ್ತು.

ಈಗ ನಮ್ಮ ವಂಶದಲ್ಲಿ ನನ್ನ ಮುಂದೆ ಯಾರೂ 'ತೆಗಿ' ಅನ್ನಲ್ಲ. ಎಲ್ಲರೂ ಹುಷಾರಾಗಿ "ಫೋಟೋ ಹೊಡಿ" ಅಂತಾರೆ. ಮೊನ್ನೆ ಅತ್ತೆ ಫೋನ್ ಮಾಡಿ, "ಅಮ್ಮಿ, ಭಾನ್ವಾರ ಬಾ. ನಿಮ್ ಮಾವನ್ನ ಒಂದ್ಸಲ ಚೆನ್ನಾಗಿ ಹೊಡೀಬೇಕು ಕಣಮ್ಮಿ" ಅಂದ್ರು. ನಾನು ಮೊದಲಿನ ಹಂಗಲ್ಲ, ಬುದ್ಧಿ ಕಲಿತಿದ್ದೀನಿ. ಈ ಸಲ ಕೇಳಿಬಿಟ್ಟೆ. "ಅತ್ತೆ, ಕ್ಯಾಮೆರಾದಲ್ಲಿ ತಾನೆ?"

ಅತ್ತೆ ತಕ್ಷಣ ಹೂಂ ಅನ್ನಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು.